ಹಿತ್ತಾಳೆ ವಾದ್ಯ ತಯಾರಿಸುವ ಮನೆತನಗಳ ಇತಿಹಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಟ್ರಂಪೆಟ್, ಟ್ರೊಂಬೋನ್, ಹಾರ್ನ್, ಟ್ಯೂಬಾ ಮೊದಲಾದ ಹಿತ್ತಾಳೆ ವಾದ್ಯಗಳನ್ನು ತಯಾರಿಸಿದ ಕುಟುಂಬಗಳ ಕುರಿತು ವಾದಕರೂ ಸಂಗ್ರಾಹಕರೂ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಎಲ್ಲ ಪ್ರಶ್ನೆಗಳಿಗೂ ಒಂದೇ ಅಳತೆಯ ಉತ್ತರ ಕೊಟ್ಟಿಲ್ಲ. ವಿಷಯ ಎಷ್ಟು ಬೇಡುತ್ತದೆಯೋ ಅಷ್ಟು ಬರೆಯಲಾಗಿದೆ.

ಈ ಕಸುಬು ಕುಟುಂಬಗಳ ಕೈಯಲ್ಲೇ ಏಕೆ ಬೆಳೆಯಿತು?

ಮುಖ್ಯ ಕಾರಣ ಸಲಕರಣೆಗಳು. ಹಿತ್ತಾಳೆ ವಾದ್ಯವೊಂದರ ಸ್ವರವನ್ನು ಅದರ ಕೊಳವೆ ಎಲ್ಲಿ ಎಷ್ಟು ವೇಗವಾಗಿ ಅಗಲವಾಗುತ್ತದೆ ಎಂಬುದೇ ಬಹುಮಟ್ಟಿಗೆ ನಿರ್ಧರಿಸುತ್ತದೆ. ಆ ಅಗಲಿಕೆಯ ಅಳತೆ ಕಾಗದದ ಮೇಲಿರುವುದಕ್ಕಿಂತ ಹೆಚ್ಚಾಗಿ ಮ್ಯಾಂಡ್ರೆಲ್ ಎಂಬ ಉಕ್ಕಿನ ಅಚ್ಚಿನಲ್ಲಿ ಇರುತ್ತದೆ; ತಗಡನ್ನು ಇದರ ಮೇಲೆ ಹೊದಿಸಿ ತೀಡಿದರೆ ಬೆಲ್, ಅಂದರೆ ವಾದ್ಯದ ಅಗಲವಾದ ಬಾಯಿಯ ಭಾಗ, ಆಕಾರ ಪಡೆಯುತ್ತದೆ. ಒಳ್ಳೆಯ ಮ್ಯಾಂಡ್ರೆಲ್ ಒಂದನ್ನು ರೂಪಿಸಲು ವಾದಕರ ಜೊತೆ ಕುಳಿತು, ಊದಿಸಿ ಕೇಳಿ, ಕೂದಲೆಳೆಯಷ್ಟು ತಿದ್ದಿ, ಮತ್ತೆ ಊದಿಸಿ ನೋಡಬೇಕಾಗುತ್ತದೆ. ಹೀಗೆ ವರ್ಷಗಟ್ಟಲೆ ಕೂಡಿಟ್ಟ ಅಚ್ಚುಗಳ ರಾಶಿಯೇ ಅಂಗಡಿಯ ನಿಜವಾದ ಆಸ್ತಿ. ಅದನ್ನು ಮಗನಿಗೋ ಅಳಿಯನಿಗೋ ಒಪ್ಪಿಸುವುದು ಹೊರಗಿನವರಿಗೆ ಮಾರುವುದಕ್ಕಿಂತ ಸಹಜವಾಗಿತ್ತು.

ಎರಡನೆಯ ಕಾರಣ ಕೈಯ ಹದ. ತಗಡು ಕಾದು ಯಾವ ಬಣ್ಣಕ್ಕೆ ತಿರುಗಿದಾಗ ಬೆಂಕಿಯಿಂದ ತೆಗೆಯಬೇಕು, ಸುತ್ತಿಗೆಯ ಏಟು ಎಲ್ಲಿ ಹಗುರವಾಗಬೇಕು ಎಂಬುದನ್ನು ಬಾಲ್ಯದಿಂದಲೇ ಕುಲುಮೆಯ ಬಳಿ ಓಡಾಡಿಕೊಂಡಿದ್ದವರು ಬೇಗ ಕಲಿಯುತ್ತಿದ್ದರು. ಇದರ ಜೊತೆಗೆ ಯುರೋಪಿನ ಕುಶಲಕರ್ಮಿ ಸಂಘಗಳ ನಿಯಮಗಳು ಮಾಸ್ಟರ್‌ಗಳ, ಅಂದರೆ ಸ್ವಂತ ಕಾರ್ಯಾಗಾರ ನಡೆಸಲು ಸಂಘದ ಮಾನ್ಯತೆ ಪಡೆದ ಕುಶಲಕರ್ಮಿಗಳ, ಮಕ್ಕಳ ಪರವಾಗಿದ್ದವು. ಮಾಸ್ಟರ್ ತೀರಿಕೊಂಡರೆ ಅವನ ವಿಧವೆ ಕಾರ್ಯಾಗಾರವನ್ನು ಮುಂದುವರಿಸುವುದಕ್ಕೂ ಅನೇಕ ಕಡೆ ಅವಕಾಶವಿತ್ತು.

ಇಂಥ ಮನೆತನಗಳ ಇತಿಹಾಸ ಎಲ್ಲಿಂದ ಆರಂಭವಾಗುತ್ತದೆ?

ಸ್ಪಷ್ಟ ದಾಖಲೆಗಳಿರುವ ಮಟ್ಟಿಗೆ ಹೇಳುವುದಾದರೆ, ಜರ್ಮನಿಯ ನ್ಯೂರೆಂಬರ್ಗ್ ನಗರದಿಂದ. ಲೋಹದ ಕೆಲಸಕ್ಕೆ ಹೆಸರಾಗಿದ್ದ ಆ ನಗರದಲ್ಲಿ 16ನೆಯ ಶತಮಾನದಲ್ಲಿ ನೊಯ್‌ಷೆಲ್, ಷ್ನಿಟ್ಸರ್ ಮನೆತನಗಳೂ, ಬಳಿಕ ಹೈನ್‌ಲೈನ್, ಎಹೆ, ಹಾಸ್ ಮನೆತನಗಳೂ ಟ್ರಂಪೆಟ್ ಮತ್ತು ಟ್ರೊಂಬೋನ್‌ಗಳನ್ನು ತಯಾರಿಸಿ ಯುರೋಪಿನ ಅರಮನೆಗಳಿಗೂ ಚರ್ಚುಗಳಿಗೂ ಕಳುಹಿಸುತ್ತಿದ್ದವು. 1533ರಲ್ಲಿ ತೀರಿಕೊಂಡ ಹಾನ್ಸ್ ನೊಯ್‌ಷೆಲ್ ಪೋಪ್ ಹತ್ತನೆಯ ಲಿಯೋನಿಗೆ ಬೆಳ್ಳಿಯ ಟ್ರೊಂಬೋನ್‌ಗಳನ್ನು ಮಾಡಿಕೊಟ್ಟಿದ್ದನೆಂದು ಆ ಶತಮಾನದ ಬರಹವೇ ಹೇಳುತ್ತದೆ. ಎರಾಸ್ಮಸ್ ಷ್ನಿಟ್ಸರ್ 1551ರಲ್ಲಿ ಮಾಡಿದ ಟ್ರೊಂಬೋನ್ ಇಂದಿಗೂ ನ್ಯೂರೆಂಬರ್ಗ್‌ನ ಜರ್ಮನ್ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಇಸವಿ ಕೆತ್ತಿರುವ, ಉಳಿದುಬಂದಿರುವ ಅತ್ಯಂತ ಹಳೆಯ ಟ್ರೊಂಬೋನ್‌ಗಳ ಸಾಲಿನಲ್ಲಿ ಅದಕ್ಕೆ ಮೊದಲ ಸ್ಥಾನ.

ಆ ವಾದ್ಯಗಳ ಮೇಲಿರುವ ಮೊಲ, ಹುಂಜಗಳ ಚಿತ್ರಗಳಿಗೆ ಏನರ್ಥ?

ಅವು ಮಾಸ್ಟರ್ ಮುದ್ರೆಗಳು. ನ್ಯೂರೆಂಬರ್ಗ್‌ನ ತಯಾರಕರು ಬೆಲ್‌ನ ಅಂಚಿಗೆ ಹೊದಿಸಿದ ಪಟ್ಟಿಯ ಮೇಲೆ ಹೆಸರು, ಊರು, ಕೆಲವೊಮ್ಮೆ ಇಸವಿ ಕೆತ್ತಿ, ಜೊತೆಗೆ ತಮ್ಮ ಮುದ್ರೆಯನ್ನೂ ಒತ್ತುತ್ತಿದ್ದರು. ಹಾಸ್ ಎಂಬ ಹೆಸರು ಜರ್ಮನ್ ಭಾಷೆಯಲ್ಲಿ ಮೊಲವನ್ನು ನೆನಪಿಸುವುದರಿಂದ ಆ ಮನೆತನಕ್ಕೆ ಜಿಗಿಯುವ ಮೊಲವೂ, ಹೈನ್‌ಲೈನ್ ಮನೆತನಕ್ಕೆ ಹುಂಜದ ತಲೆಯೂ ಗುರುತಾದವು.

ಸಂಶೋಧಕರಿಗೆ ಈ ಮುದ್ರೆಗಳು ತುಂಬ ಉಪಯುಕ್ತ. ಯೋಹಾನ್ ವಿಲ್ಹೆಲ್ಮ್ ಹಾಸ್ (1649–1723), ಅವನ ಮಗ ವುಲ್ಫ್ ವಿಲ್ಹೆಲ್ಮ್, ಮೊಮ್ಮಗ ಅರ್ನ್ಸ್ಟ್ ಯೋಹಾನ್ ಕಾನ್ರಾಡ್ ಹೀಗೆ ಮೂರು ತಲೆಮಾರುಗಳು ಬಹುತೇಕ ಒಂದೇ ಶೈಲಿಯಲ್ಲಿ ಕೆಲಸ ಮಾಡಿದ್ದರಿಂದ, ಮೊಲದ ಭಂಗಿಯಲ್ಲಿನ ಸಣ್ಣ ವ್ಯತ್ಯಾಸವನ್ನು ನೋಡಿ ಯಾವ ವಾದ್ಯ ಯಾವ ತಲೆಮಾರಿನದೆಂದು ನಿರ್ಣಯಿಸುತ್ತಾರೆ. ಖ್ಯಾತಿ ಅಜ್ಜನದು, ಕೈ ಮೊಮ್ಮಗನದು ಎಂಬ ಸ್ಥಿತಿ ಆಗಲೇ ಇತ್ತೆಂಬುದನ್ನು ಗಮನಿಸಬೇಕು. ಹೆಸರು ಮತ್ತು ಅದರ ಹಿಂದಿನ ಕೈ ಮುಂದೆ ಪೂರ್ತಿಯಾಗಿ ಬೇರ್ಪಟ್ಟ ಉದಾಹರಣೆಗಳು ಕೆಳಗಿನ ಉತ್ತರಗಳಲ್ಲಿ ಮತ್ತೆ ಮತ್ತೆ ಬರುತ್ತವೆ.

ಕೈಯಲ್ಲಿ ಬೆಲ್ ತಯಾರಿಸುವ ಕ್ರಮ ಹೇಗಿರುತ್ತದೆ?

ಮೊದಲು ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಹಿತ್ತಾಳೆ ತಗಡಿನಿಂದ, ಬುಡ ಅಗಲವಾಗಿ ತುದಿ ಸಣ್ಣಗಾಗುವ, ಐಫೆಲ್ ಗೋಪುರವನ್ನು ಚಪ್ಪಟೆ ಮಾಡಿದಂತಿರುವ ಆಕಾರವನ್ನು ಕತ್ತರಿಸುತ್ತಾರೆ. ಅದನ್ನು ಉದ್ದಕ್ಕೆ ಮಡಚಿ, ಎರಡು ಅಂಚುಗಳು ಸೇರುವಂತೆ ಮಾಡುತ್ತಾರೆ. ಒಂದು ಅಂಚಿನಲ್ಲಿ ಸಣ್ಣ ಹಲ್ಲುಗಳನ್ನು ಕತ್ತರಿಸಿ ಇನ್ನೊಂದು ಅಂಚನ್ನು ಅವುಗಳ ನಡುವೆ ಕೂರಿಸುವುದು ಹಳೆಯ ಕ್ರಮ. ಬೆಂಕಿಯಲ್ಲಿ ಅಂಚುಗಳು ಜರುಗದಂತೆ ಆ ಹಲ್ಲುಗಳು ಹಿಡಿದಿಡುತ್ತವೆ. ಬಳಿಕ ಬಿಳಿಗಾರ ಹಚ್ಚಿ, ತಗಡಿಗಿಂತ ಕಡಿಮೆ ಶಾಖದಲ್ಲಿ ಕರಗುವ ಹಿತ್ತಾಳೆಯಿಂದಲೇ ಬೆಸುಗೆ ಹಾಕುತ್ತಾರೆ. ಎರಡೂ ಕರಗುವ ಶಾಖದ ನಡುವಿನ ಅಂತರ ಕಡಿಮೆಯಿರುವುದರಿಂದ ಕ್ಷಣ ತಡವಾದರೂ ತಗಡೇ ಕುಸಿದು ತೂತು ಬೀಳುತ್ತದೆ.

ಬೆಸುಗೆಯ ಉಬ್ಬನ್ನು ಬಡಿದು ಮಟ್ಟ ಮಾಡಿದ ನಂತರ ಬೆಲ್‌ನ ಬಾಯನ್ನು ಸುತ್ತಿಗೆಯಿಂದ ಹಿಗ್ಗಿಸುವ ಕೆಲಸ ಮೊದಲಾಗುತ್ತದೆ. ಬಡಿದಷ್ಟೂ ಹಿತ್ತಾಳೆ ಗಡುಸಾಗಿ ಸೀಳುವ ಅಪಾಯವಿರುವುದರಿಂದ, ಮಧ್ಯೆ ಮಧ್ಯೆ ಅದನ್ನು ಮಂಕು ಕೆಂಪಾಗುವವರೆಗೆ ಕಾಸಿ ಮೆದು ಮಾಡಬೇಕು. ಕೊನೆಗೆ ಮ್ಯಾಂಡ್ರೆಲ್ ಮೇಲೆ ಏರಿಸಿ, ತಿರುಗಿಸುತ್ತ, ನುಣುಪಾದ ಉಕ್ಕಿನ ಸಲಾಕೆಯಿಂದ ಒತ್ತಿ ತೀಡಿ ನಿಖರವಾದ ಆಕಾರ ಕೊಡುತ್ತಾರೆ. ಬಾಯಂಚಿನಲ್ಲಿ ತಂತಿಯೊಂದನ್ನಿಟ್ಟು ತಗಡನ್ನು ಅದರ ಮೇಲೆ ಮಡಚುತ್ತಾರೆ. ಈ ತಂತಿ ಅಂಚಿಗೆ ಬಲ ಕೊಡುತ್ತದೆ. ಅದನ್ನು ಬೆಸೆದಿದ್ದಾರೆಯೋ ಇಲ್ಲವೋ ಎಂಬುದು ಸ್ವರದ ಮೇಲೂ ಪರಿಣಾಮ ಬೀರುತ್ತದೆಂದು ಅನೇಕ ತಯಾರಕರು ನಂಬುತ್ತಾರೆ.

ಕೊಳವೆ ಬಗ್ಗಿಸುವುದು ಇನ್ನೊಂದು ಹದದ ಕೆಲಸ. ಬರಿದಾದ ಕೊಳವೆಯನ್ನು ಬಗ್ಗಿಸಿದರೆ ಅದು ಚಪ್ಪಟೆಯಾಗುತ್ತದೆ. ಆದ್ದರಿಂದ ಒಳಗೆ ಕರಗಿದ ಸೀಸವನ್ನೋ ರಾಳವನ್ನೋ ಸುರಿದು, ಅದು ಗಟ್ಟಿಯಾದ ಮೇಲೆ ಬಗ್ಗಿಸಿ, ಮತ್ತೆ ಕಾಸಿ ಹೊರತೆಗೆಯುತ್ತಿದ್ದರು. ಸೀಸದ ಹೊಗೆಯಲ್ಲಿ ಕಳೆದ ಆ ತಲೆಮಾರುಗಳ ಆರೋಗ್ಯದ ಕಥೆಯನ್ನು ಕಂಪನಿಗಳ ಹೊಳಪಿನ ಇತಿಹಾಸಗಳು ಹೇಳುವುದೇ ಇಲ್ಲ. ಇಂದು ಅನೇಕ ಕಡೆ ಸೋಪಿನ ನೀರನ್ನು ತುಂಬಿ ಅತಿ ಶೀತದಲ್ಲಿ ಹೆಪ್ಪುಗಟ್ಟಿಸಿ ಬಗ್ಗಿಸುತ್ತಾರೆ.

ವಾಲ್ವ್‌ಗಳ ಆವಿಷ್ಕಾರ ಈ ಕುಟುಂಬಗಳ ಮೇಲೆ ಯಾವ ಪರಿಣಾಮ ಬೀರಿತು?

ಕಸುಬು ಉದ್ಯಮವಾಗಿ ಬದಲಾದದ್ದು ಅಲ್ಲಿಂದಲೇ. ಹೈನ್ರಿಕ್ ಷ್ಟೋಲ್ಜೆಲ್ ಮತ್ತು ಫ್ರೀಡ್ರಿಕ್ ಬ್ಲ್ಯೂಮೆಲ್ 1818ರಲ್ಲಿ ಪ್ರಷ್ಯದಲ್ಲಿ ವಾಲ್ವ್‌ಗೆ, ಅಂದರೆ ಒತ್ತಿದಾಗ ಗಾಳಿ ಸಾಗುವ ಕೊಳವೆಯ ಉದ್ದವನ್ನು ಬದಲಿಸಿ ಬೇರೆ ಸ್ವರ ಹೊರಡಿಸುವ ಭಾಗಕ್ಕೆ, ಪೇಟೆಂಟ್ ಪಡೆದರು. 1835ರಲ್ಲಿ ವಿಯೆನ್ನಾದ ಯೋಸೆಫ್ ರೀಡ್ಲ್ ರೋಟರಿ ವಾಲ್ವ್‌ಗೂ, 1839ರಲ್ಲಿ ಪ್ಯಾರಿಸ್‌ನ ಫ್ರಾಂಸ್ವಾ ಪೆರಿನೆ ಇಂದಿನ ಟ್ರಂಪೆಟ್‌ಗಳಲ್ಲಿ ಕಾಣುವ ಬಗೆಯ ಪಿಸ್ಟನ್‌ಗೂ ರೂಪ ಕೊಟ್ಟರು. 1835ರಲ್ಲೇ ಬರ್ಲಿನ್‌ನಲ್ಲಿ ಸೈನ್ಯದ ಬ್ಯಾಂಡ್‌ಗಳ ಮುಖ್ಯಸ್ಥ ವಿಲ್ಹೆಲ್ಮ್ ವೀಪ್ರೆಕ್ಟ್ ಮತ್ತು ವಾದ್ಯ ತಯಾರಕ ಯೋಹಾನ್ ಗಾಟ್‌ಫ್ರೀಡ್ ಮೋರಿಟ್ಸ್ ಸೇರಿ ಟ್ಯೂಬಾಕ್ಕೆ ಪೇಟೆಂಟ್ ಪಡೆದರು.

ವಾಲ್ವ್ ಎಂದರೆ ಗಾಳಿ ಸೋರದಷ್ಟು ಬಿಗಿಯಾಗಿ, ಆದರೆ ಬೆರಳಿನ ಒತ್ತಿಗೆ ಜಾರುವಷ್ಟು ಸಡಿಲವಾಗಿ ಕೂರಬೇಕಾದ ಯಂತ್ರಭಾಗ. ಸುತ್ತಿಗೆಯ ಕೈಚಳಕ ಅದಕ್ಕೆ ಸಾಲದೆ, ಲೇತ್ ಬೇಕಾಯಿತು, ಬಂಡವಾಳ ಬೇಕಾಯಿತು, ಮನೆಯವರಷ್ಟೇ ಸಾಲದೆ ಕೂಲಿಯಾಳುಗಳೂ ಬೇಕಾದರು. ಜೊತೆಗೆ ಪೇಟೆಂಟ್ ವ್ಯಾಜ್ಯಗಳು ಬಂದವು. ಅಲ್ಲಿಯವರೆಗೆ ಮನೆಯೊಳಗಿನ ಗುಟ್ಟಾಗಿದ್ದ ಜ್ಞಾನವನ್ನು ಈಗ ಕಾಗದದ ಮೇಲೆ ಬರೆದು, ನ್ಯಾಯಾಲಯದಲ್ಲಿ ಕಾಪಾಡಿಕೊಳ್ಳಬೇಕಾಯಿತು.

ಅಡಾಲ್ಫ್ ಸ್ಯಾಕ್ಸ್ ಇಷ್ಟು ಪ್ರಸಿದ್ಧನಾಗಿದ್ದರೂ ಅವನ ಉದ್ಯಮ ಏಕೆ ಉಳಿಯಲಿಲ್ಲ?

1814ರಲ್ಲಿ ಬೆಲ್ಜಿಯಂನ ದಿನಾಂಟ್‌ನಲ್ಲಿ ಹುಟ್ಟಿದ ಸ್ಯಾಕ್ಸ್ ವಾದ್ಯ ತಯಾರಕನ ಮಗ. ತಂದೆ ಚಾರ್ಲ್ಸ್ ಜೋಸೆಫ್ ಸ್ಯಾಕ್ಸ್‌ಗೆ ಬ್ರಸೆಲ್ಸ್‌ನಲ್ಲಿ ಕಾರ್ಯಾಗಾರವಿತ್ತು. 1842ರಲ್ಲಿ ಪ್ಯಾರಿಸ್‌ಗೆ ಹೋದ ಮಗ ಸ್ಯಾಕ್ಸ್‌ಹಾರ್ನ್ ಎಂಬ ಹಿತ್ತಾಳೆ ವಾದ್ಯಗಳ ಇಡೀ ಶ್ರೇಣಿಯನ್ನು ರೂಪಿಸಿ, 1846ರಲ್ಲಿ ಸ್ಯಾಕ್ಸೊಫೋನ್‌ಗೆ ಪೇಟೆಂಟ್ ಪಡೆದನು. 1845ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ಬಯಲೊಂದರಲ್ಲಿ ಅವನ ವಾದ್ಯಗಳ ಬ್ಯಾಂಡಿಗೂ ಹಳೆಯ ಮಾದರಿಯ ಬ್ಯಾಂಡಿಗೂ ಸ್ಪರ್ಧೆ ನಡೆಯಿತು. ಗೆದ್ದ ಸ್ಯಾಕ್ಸ್‌ನ ವಾದ್ಯಗಳನ್ನು ಫ್ರೆಂಚ್ ಸೈನ್ಯ ಒಪ್ಪಿಕೊಂಡಿತು.

ಅವನ ಏಳಿಗೆಗೆ ಕಾರಣವಾದ ಸರ್ಕಾರಿ ಆದೇಶವೇ ಅವನ ದೌರ್ಬಲ್ಯವೂ ಆಯಿತು. 1848ರ ಕ್ರಾಂತಿಯ ನಂತರ ಹೊಸ ಸರ್ಕಾರ ಆ ಆದೇಶವನ್ನು ರದ್ದುಪಡಿಸಿದಾಗ ಬೇಡಿಕೆ ಕುಸಿಯಿತು. ಇತ್ತ ಪೇಟೆಂಟ್ ರದ್ದು ಮಾಡಿಸಲು ಪ್ರತಿಸ್ಪರ್ಧಿಗಳು ಹೂಡಿದ ದಾವೆಗಳ ಖರ್ಚು ಏರುತ್ತಲೇ ಇತ್ತು. 1852, 1873 ಮತ್ತು 1877ರಲ್ಲಿ ಹೀಗೆ ಮೂರು ಬಾರಿ ಅವನು ದಿವಾಳಿಯಾದನು. 1894ರಲ್ಲಿ ಅವನು ತೀರಿಕೊಂಡ ಮೇಲೆ ಮಗನು ಚಿಕ್ಕ ಪ್ರಮಾಣದಲ್ಲಿ ಕೆಲಸ ಮುಂದುವರಿಸಿದನು. 1920ರ ದಶಕದ ಕೊನೆಗೆ ಅದು ಸೆಲ್ಮರ್ ಕಂಪನಿಯ ಪಾಲಾಯಿತು. ಸೃಷ್ಟಿಶೀಲತೆಯಲ್ಲಿ ಸ್ಯಾಕ್ಸ್‌ಗೆ ಸಾಟಿಯಾದವರು ಈ ಪಟ್ಟಿಯಲ್ಲಿ ಯಾರೂ ಇಲ್ಲವೆನ್ನಬಹುದು, ಆದರೆ ಮನೆತನ ಉಳಿಸಲು ಅದೊಂದೇ ಸಾಲಲಿಲ್ಲ.

ಈ ಉದ್ಯಮಗಳಲ್ಲಿ ಮಹಿಳೆಯರ ಪಾತ್ರವೇನು?

ಹೊರಗೆ ಕಾಣುವುದಕ್ಕಿಂತ ದೊಡ್ಡದು. ಬೆಸ್ಸನ್ ಮನೆತನ ಇದಕ್ಕೆ ಅತ್ಯುತ್ತಮ ನಿದರ್ಶನ. ಗುಸ್ತಾವ್ ಆಗಸ್ಟ್ ಬೆಸ್ಸನ್ ಹದಿಹರೆಯದಲ್ಲಿಯೇ, 1837ರಲ್ಲಿ, ಪ್ಯಾರಿಸ್‌ನಲ್ಲಿ ಕಾರ್ಯಾಗಾರ ತೆರೆದನು. ಪ್ರತಿಯೊಂದು ಭಾಗಕ್ಕೂ ಉಕ್ಕಿನ ಮ್ಯಾಂಡ್ರೆಲ್ ಮಾಡಿಟ್ಟುಕೊಂಡು ಒಂದೇ ಅಳತೆಯ ವಾದ್ಯಗಳನ್ನು ಮತ್ತೆ ಮತ್ತೆ ತಯಾರಿಸುವ ಅವನ ವಿಧಾನ 1850ರ ದಶಕದಲ್ಲಿ ‘ಪ್ರೊಟೋಟೈಪ್’ ಎಂಬ ಹೆಸರಿನಿಂದ ಖ್ಯಾತವಾಯಿತು. ಇದೇ ಹೊತ್ತಿಗೆ ಸ್ಯಾಕ್ಸ್‌ನೊಂದಿಗಿನ ಪೇಟೆಂಟ್ ವ್ಯಾಜ್ಯ ತೀವ್ರವಾಗಿ, ಅವನು ಲಂಡನ್‌ಗೆ ಹೋಗಿ ಅಲ್ಲಿ ಇನ್ನೊಂದು ಕಾರ್ಖಾನೆ ಕಟ್ಟಿದನು. ಪ್ಯಾರಿಸ್‌ನ ವ್ಯವಹಾರವನ್ನು ಪತ್ನಿ ಫ್ಲೋರೆಂಟೀನ್ ತನ್ನ ಹೆಸರಿನಲ್ಲಿ ನಡೆಸಿದಳು. ಮುಂದೆ ಮಗಳು ಮಾರ್ಥ್ ಉದ್ಯಮವನ್ನು ವಹಿಸಿಕೊಂಡಳು. ಫಾಂಟೈನ್ ಎಂಬವರನ್ನು ಮದುವೆಯಾದ ಬಳಿಕ ಪ್ಯಾರಿಸ್‌ನ ವಾದ್ಯಗಳ ಮೇಲೆ ಫಾಂಟೈನ್-ಬೆಸ್ಸನ್ ಎಂಬ ಜೋಡಿ ಹೆಸರು ಬಂದಿತು.

ಇವರ ವಾದ್ಯಗಳನ್ನು ಕೊಳ್ಳುತ್ತಿದ್ದವರು ಯಾರು?

19ನೆಯ ಶತಮಾನದಲ್ಲಿ ಮೊದಲಿಗೆ ಸೈನ್ಯ, ನಂತರ ಹವ್ಯಾಸಿ ಬ್ಯಾಂಡ್‌ಗಳು. ಆರ್ಕೆಸ್ಟ್ರಾಗಳು ಕೀರ್ತಿ ತಂದುಕೊಟ್ಟವೇ ಹೊರತು ಸಂಖ್ಯೆಯ ಲೆಕ್ಕದಲ್ಲಿ ಅವು ಸಣ್ಣ ಗಿರಾಕಿಗಳು. ಬ್ರಿಟನ್ನಿನಲ್ಲಿ ಗಣಿ ಮತ್ತು ಗಿರಣಿಗಳ ಕಾರ್ಮಿಕರು ಕಟ್ಟಿಕೊಂಡ ಬ್ರಾಸ್ ಬ್ಯಾಂಡ್‌ಗಳು ದೊಡ್ಡ ಮಾರುಕಟ್ಟೆಯನ್ನೇ ಸೃಷ್ಟಿಸಿದವು. ಅದರ ಹಿಂದೆಯೂ ಒಂದು ಕುಟುಂಬವಿದೆ: ಜಾನ್ ಡಿಸ್ಟಿನ್ ಮತ್ತು ಅವನ ಪುತ್ರರು 1844ರಲ್ಲಿ ಪ್ಯಾರಿಸ್‌ನಲ್ಲಿ ಸ್ಯಾಕ್ಸ್‌ನನ್ನು ಕಂಡು, ಅವನ ವಾದ್ಯಗಳನ್ನು ನುಡಿಸುತ್ತ ಊರೂರು ಸುತ್ತಿ ಅವುಗಳ ರುಚಿ ಹತ್ತಿಸಿದರು. ವಾದಕರಾಗಿದ್ದವರು ಮಾರಾಟಗಾರರಾಗಿ, ಕೊನೆಗೆ ಮಗ ಹೆನ್ರಿ ತಯಾರಕನೇ ಆಗಿ, 1868ರಲ್ಲಿ ಆ ವ್ಯವಹಾರವನ್ನು ಬೂಸಿ ಸಂಸ್ಥೆಗೆ ಮಾರಿದನು.

ಆರಂಭದಿಂದ ಇಂದಿನವರೆಗೆ ಒಂದೇ ಕುಟುಂಬದಲ್ಲಿ ಉಳಿದ ಸಂಸ್ಥೆ ಇದೆಯೇ?

ಇದೆ. ಜರ್ಮನಿಯ ಮೈನ್ಸ್ ನಗರದಲ್ಲಿ ಫ್ರಾನ್ಸ್ ಆಂಬ್ರೋಸ್ ಅಲೆಕ್ಸಾಂಡರ್ 1782ರಲ್ಲಿ ಆರಂಭಿಸಿದ ಕಾರ್ಯಾಗಾರ ‘ಗೆಬ್ರ್ಯೂಡರ್ ಅಲೆಕ್ಸಾಂಡರ್’, ಅಂದರೆ ಅಲೆಕ್ಸಾಂಡರ್ ಸಹೋದರರು, ಎಂಬ ಹೆಸರಿನಲ್ಲಿ ಏಳನೆಯ ತಲೆಮಾರಿನವರೆಗೆ ಬಂದಿದೆ. ಜರ್ಮನ್ ಸಂಗೀತ ರಚನಕಾರ ವ್ಯಾಗ್ನರ್‌ನ ಸಂಗೀತ ನಾಟಕಗಳಿಗೆ ಬೇಕಾದ ವಿಶೇಷ ಟ್ಯೂಬಾಗಳ ಒಂದು ಜೊತೆಯನ್ನು 1890ರಲ್ಲಿ ಬೈರಾಯ್ಟ್ ರಂಗಮಂದಿರಕ್ಕೆ ಒದಗಿಸಿದ್ದು ಇದೇ ಮನೆತನ.

ಅವರ ಬಾಳಿಕೆಗೆ ದೊಡ್ಡ ಆಧಾರ 1909ರಲ್ಲಿ ಬಂದ ‘103’ ಎಂಬ ಡಬಲ್ ಹಾರ್ನ್. ಎಫ್ ಮತ್ತು ಬಿ ಫ್ಲಾಟ್ ಎಂಬ ಎರಡು ಶ್ರುತಿಗಳ ಕೊಳವೆಗಳನ್ನು ಒಂದೇ ವಾದ್ಯದಲ್ಲಿ ಸೇರಿಸಿ, ಹೆಬ್ಬೆರಳಿನ ವಾಲ್ವ್‌ನಿಂದ ಬದಲಾಯಿಸುವ ಈ ಬಗೆಯ ಹಾರ್ನ್ ಅನ್ನು 1890ರ ದಶಕದ ಕೊನೆಯಲ್ಲಿ ಎರ್ಫುರ್ಟ್‌ನ ಕ್ರುಸ್ಪೆ ಮನೆತನ ಮೊದಲು ರೂಪಿಸಿತ್ತು. ಅಲೆಕ್ಸಾಂಡರ್ ಮನೆತನದ ಮಾದರಿ ಶತಮಾನ ದಾಟಿದ ಮೇಲೂ ಆರ್ಕೆಸ್ಟ್ರಾಗಳಲ್ಲಿ ಬಳಕೆಯಲ್ಲಿದೆ. 1945ರ ಫೆಬ್ರುವರಿ 27ರ ವಿಮಾನ ದಾಳಿಯಲ್ಲಿ ಮೈನ್ಸ್ ನಗರ ಸುಟ್ಟುಹೋದಾಗ ಅವರ ಕಟ್ಟಡವೂ ನಾಶವಾಯಿತು. ಕುಟುಂಬ ಅಲ್ಲೇ ಮತ್ತೆ ಕೆಲಸ ಶುರುಮಾಡಿತು. ನನ್ನ ಅಭಿಪ್ರಾಯದಲ್ಲಿ ಈ ಮನೆತನದ ಜಾಣತನ ಇರುವುದು ಎಲ್ಲವನ್ನೂ ಮಾಡಲು ಹೋಗದೆ ಹಾರ್ನ್ ವಾದಕರ ನಂಬಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡದ್ದರಲ್ಲಿ.

ಎರಡನೆಯ ಮಹಾಯುದ್ಧದ ನಂತರ ಮಧ್ಯ ಯುರೋಪಿನ ಮನೆತನಗಳು ಏನಾದವು?

ಹೆಚ್ಚಿನವು ಚದುರಿದವು. ಬೊಹೆಮಿಯದ ಗ್ರಾಸ್ಲಿಟ್ಸ್, ಅಂದರೆ ಇಂದಿನ ಝೆಕ್ ಗಣರಾಜ್ಯದ ಕ್ರಾಸ್ಲಿಸೆ, ಬೀದಿಬೀದಿಗಳಲ್ಲೂ ವಾದ್ಯ ತಯಾರಕರಿದ್ದ ಊರು. ಯುದ್ಧ ಮುಗಿದ ಮೇಲೆ ಅಲ್ಲಿಯ ಜರ್ಮನ್ ಭಾಷಿಕರನ್ನು ಹೊರಹಾಕಲಾಯಿತು. ಬವೇರಿಯದ ವಾಲ್ಡ್‌ಕ್ರೈಬರ್ಗ್‌ಗೆ ಬಂದ ಕೆಲವರು 1946ರಲ್ಲಿ ಸಹಕಾರಿ ಸಂಘ ಕಟ್ಟಿಕೊಂಡರು. ಟ್ಯೂಬಾಗಳಿಗೆ ಹೆಸರಾದ ಮಿರಾಫೋನ್ ಬೆಳೆದದ್ದು ಅದರಿಂದ. ಮನೆ, ಅಚ್ಚು, ಯಂತ್ರ ಎಲ್ಲವನ್ನೂ ಬಿಟ್ಟು ಬಂದವರ ಬಳಿ ಉಳಿದಿದ್ದದ್ದು ಕೈಯ ಕಸುಬೊಂದೇ. ಅತ್ತ ಕ್ರಾಸ್ಲಿಸೆಯಲ್ಲಿ ಉಳಿದ ಕಾರ್ಯಾಗಾರಗಳು ಅಮಾತಿ ಎಂಬ ಒಂದೇ ಉದ್ಯಮದಡಿ ಸೇರಿದವು. ವಾಕ್ಲಾವ್ ಫ್ರಾಂಟಿಷೆಕ್ ಚೆರ್ವೆನಿ 1842ರಲ್ಲಿ ಹ್ರಾಡೆಟ್ಸ್ ಕ್ರಾಲೋವೆಯಲ್ಲಿ ಸ್ಥಾಪಿಸಿದ್ದ ಪ್ರಸಿದ್ಧ ಸಂಸ್ಥೆಯೂ ರಾಷ್ಟ್ರೀಕರಣಗೊಂಡಿತು.

ಉತ್ತರಾಧಿಕಾರಿ ಇಲ್ಲದಿದ್ದಾಗ ಏನಾಗುತ್ತಿತ್ತು?

ಒಂದೊಂದು ಕಡೆ ಒಂದೊಂದು ದಾರಿ. ಪ್ಯಾರಿಸ್‌ನ ಆಂಟ್ವಾನ್ ಕೂರ್ಟ್ವಾ 1880ರಲ್ಲಿ ತೀರಿಕೊಂಡಾಗ ಸಂಸ್ಥೆ ಅಲ್ಲೇ ಕೆಲಸ ಮಾಡುತ್ತಿದ್ದ ಆಗಸ್ಟ್ ಮಿಲ್‌ಗೆ ಹೋಯಿತು. ಕಸುಬಿನ ದೃಷ್ಟಿಯಿಂದ ನೋಡಿದರೆ, ಆಸಕ್ತಿಯಿಲ್ಲದ ಮಗನಿಗಿಂತ ಹಳೆಯ ಕೆಲಸಗಾರನೇ ನಿಜವಾದ ವಾರಸುದಾರ.

ಆಸ್ಟ್ರಿಯಾದಿಂದ ಅಮೆರಿಕಕ್ಕೆ ಬಂದ ವಿನ್ಸೆಂಟ್ ಬಾಕ್ 1918ರಲ್ಲಿ ನ್ಯೂಯಾರ್ಕ್‌ನಲ್ಲಿ ಮೌತ್‌ಪೀಸ್‌ಗಳಿಂದ ಆರಂಭಿಸಿ ಟ್ರಂಪೆಟ್‌ಗಳವರೆಗೆ ಬೆಳೆದವನು. 1961ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅವನು ತನ್ನ ಕಂಪನಿಯನ್ನು ಸೆಲ್ಮರ್‌ಗೆ ಮಾರಿದನು. ಅವನ ಸಲಕರಣೆಗಳೂ ಇಂಡಿಯಾನಾದ ಎಲ್ಕ್‌ಹಾರ್ಟ್‌ಗೆ ಸಾಗಿದವು. ಅಚ್ಚುಗಳೊಂದಿಗೆ ಹೆಸರೂ ಹೋದ ಉದಾಹರಣೆ ಇದು. ಗೆಟ್ಜೆನ್ ಕುಟುಂಬದ್ದು ಇದಕ್ಕೆ ವಿರುದ್ಧವಾದ ಕಥೆ: ವಿಸ್ಕಾನ್ಸಿನ್‌ನ ಎಲ್ಕ್‌ಹಾರ್ನ್ ಎಂಬ ಸಣ್ಣ ಊರಿನಲ್ಲಿ, ಮನೆಯ ಹಿಂದಿನ ಕೊಟ್ಟಿಗೆಯಲ್ಲಿ 1939ರಲ್ಲಿ ದುರಸ್ತಿಯೊಂದಿಗೆ ಶುರುವಾದ ಕಂಪನಿಯನ್ನು 1960ರಲ್ಲಿ ಹೊರಗಿನವರಿಗೆ ಮಾರಲಾಯಿತು. 1991ರಲ್ಲಿ ಅದು ದಿವಾಳಿಯಾದಾಗ ಸ್ಥಾಪಕನ ಮೊಮ್ಮಕ್ಕಳೇ ಅದನ್ನು ಮರಳಿ ಕೊಂಡರು. ನಡುವಿನ ವರ್ಷಗಳಲ್ಲಿ ಕುಟುಂಬ ವಾದ್ಯಗಳ ದುರಸ್ತಿ ಮತ್ತು ಬಿಡಿಭಾಗಗಳ ಬೇರೆ ಉದ್ಯಮವನ್ನು ನಡೆಸುತ್ತಿತ್ತು. ಕೈಯ ಕಸುಬು ಬಿಟ್ಟುಹೋಗಿರಲಿಲ್ಲವಾದ್ದರಿಂದಲೇ ಹೆಸರು ಹಿಂದಿರುಗಲು ಸಾಧ್ಯವಾಯಿತು.

ಭಾರತದಲ್ಲಿ ಇಂಥ ಉದ್ಯಮ ಬೆಳೆದಿದೆಯೇ?

ಉತ್ತರ ಪ್ರದೇಶದ ಮೀರತ್ ನಗರದ ಜಾಲಿ ಕೋಠಿ ಪ್ರದೇಶ ಇದರ ಕೇಂದ್ರ. ಸೈನ್ಯದ ಬ್ಯಾಂಡಿನ ಹಿನ್ನೆಲೆಯುಳ್ಳ ನಾದಿರ್ ಅಲಿ 1885ರಲ್ಲಿ ಆರಂಭಿಸಿದ ಕುಟುಂಬ ಉದ್ಯಮ ಮೊದಲು ವಾದ್ಯಗಳನ್ನು ತರಿಸಿ ಮಾರುತ್ತಿದ್ದು, 20ನೆಯ ಶತಮಾನದ ಆರಂಭದಲ್ಲಿ ಸ್ವಂತ ತಯಾರಿಕೆಗೆ ಇಳಿಯಿತು. ಮೀರತ್ ದೊಡ್ಡ ಸೈನಿಕ ನೆಲೆಯಾಗಿದ್ದುದು ಕಾರಣವೆಂಬುದರಲ್ಲಿ ಅನುಮಾನವಿಲ್ಲ.

ಹಳೆಯ ಹೆಸರುಳ್ಳ ಇಂದಿನ ವಾದ್ಯ, ಹಳೆಯ ಮನೆತನದ ವಾದ್ಯವೇ?

ಹೆಸರನ್ನು ಮಾತ್ರ ನೋಡಿ ಹೇಳಲಾಗದು. ಲಂಡನ್ನಿನ ಬೆಸ್ಸನ್ 1948ರಲ್ಲಿ ಬೂಸಿ ಆ್ಯಂಡ್ ಹಾಕ್ಸ್‌ಗೆ ಸೇರಿತು. 2006ರಲ್ಲಿ ಬೆಸ್ಸನ್ ಮತ್ತು ಕೂರ್ಟ್ವಾ ಎರಡೂ ಬಫೆ ಕ್ರಾಂಪೋನ್ ಸಮೂಹದ ಪಾಲಾದವು. ಒಂದು ಕಾಲಕ್ಕೆ ಪ್ರತಿಸ್ಪರ್ಧಿಗಳಾಗಿದ್ದ ಮನೆತನಗಳ ಹೆಸರುಗಳು ಇಂದು ಒಂದೇ ಛಾವಣಿಯಡಿ ಇವೆ. ಇದರಿಂದ ವಾದ್ಯ ಕೆಟ್ಟದಾಗುತ್ತದೆಂದೇನೂ ಇಲ್ಲ; ಹಲವು ಸಂದರ್ಭಗಳಲ್ಲಿ ವಾಲ್ವ್‌ಗಳ ನಿಖರತೆ ಹಿಂದಿಗಿಂತ ಉತ್ತಮವಾಗಿದೆ. ಆದರೆ ‘ಸ್ಥಾಪನೆ 1837’ ಎಂಬಂಥ ಸಾಲು ಹೆಸರಿನ ವಯಸ್ಸನ್ನು ಹೇಳುತ್ತದೆ. ಅದೇ ಕುಟುಂಬ, ಅದೇ ಊರು, ಅದೇ ಅಚ್ಚು ಇವೆಯೇ ಎಂಬುದನ್ನು ಪ್ರತ್ಯೇಕವಾಗಿ ವಿಚಾರಿಸಬೇಕು.

ಹಳೆಯ ವಾದ್ಯವೊಂದು ಸಿಕ್ಕಿದರೆ ಅದು ಯಾವ ಕಾಲದ್ದೆಂದು ತಿಳಿಯುವುದು ಹೇಗೆ?

ಮೊದಲು ಬೆಲ್ ಮೇಲಿನ ಕೆತ್ತನೆಯನ್ನು ಓದಬೇಕು. ತಯಾರಕರು ಕಾರ್ಯಾಗಾರದ ವಿಳಾಸವನ್ನು ಕೆತ್ತುತ್ತಿದ್ದರು. ವಿಳಾಸ ಬದಲಾದಂತೆ ಕೆತ್ತನೆಯೂ ಬದಲಾಗುತ್ತಿತ್ತು. 1851ರ ಲಂಡನ್, 1855 ಮತ್ತು 1867ರ ಪ್ಯಾರಿಸ್ ಮಹಾಪ್ರದರ್ಶನಗಳಲ್ಲಿ ಪಡೆದ ಪದಕಗಳ ಚಿತ್ರಗಳಿದ್ದರೆ, ಅವುಗಳಲ್ಲಿ ಕಡೆಯ ಪದಕದ ಇಸವಿಗಿಂತ ವಾದ್ಯ ಹಳೆಯದಾಗಿರಲು ಸಾಧ್ಯವಿಲ್ಲ. ಕ್ರಮಸಂಖ್ಯೆ ಸಾಮಾನ್ಯವಾಗಿ ಎರಡನೆಯ ವಾಲ್ವ್‌ನ ಹೊರಮೈಯಲ್ಲಿಯೋ ಬೆಲ್ ಮೇಲೆಯೋ ಇರುತ್ತದೆ. ಆದರೆ ಕಂಪನಿ ಕೈಬದಲಾದಾಗ ಸಂಖ್ಯೆಯನ್ನು ಹೊಸದಾಗಿ ಆರಂಭಿಸಿದ ನಿದರ್ಶನಗಳಿರುವುದರಿಂದ ಸಂಖ್ಯೆಯೊಂದನ್ನೇ ನೆಚ್ಚಿಕೊಳ್ಳಬಾರದು. ವಾಲ್ವ್‌ನ ಬಗೆಯನ್ನೂ ಬೆಲ್‌ನ ಬೆಸುಗೆ ಗೆರೆಯನ್ನೂ ಅದರೊಂದಿಗೆ ಹೋಲಿಸಿ ನೋಡಬೇಕು. ಬೆಲ್‌ನ ಒಳಗೆ ಬೆಳಕು ಬಿಟ್ಟರೆ ಆ ಗೆರೆ, ಕೆಲವೊಮ್ಮೆ ಹಳೆಯ ಹಲ್ಲುಗಳ ಗುರುತಿನ ಸಮೇತ, ತುಸು ಬೇರೆ ಬಣ್ಣದಲ್ಲಿ ಕಾಣಿಸುತ್ತದೆ. ಇವೆಲ್ಲ ಮುಗಿಯುವವರೆಗೆ ವಾದ್ಯವನ್ನು ಉಜ್ಜಿ ಹೊಳಪು ಮಾಡಲು ಹೋಗಬಾರದು. ಕೆತ್ತನೆ ಆಳವಾಗಿರುವುದಿಲ್ಲವಾದ್ದರಿಂದ ಪ್ರತಿಬಾರಿ ಉಜ್ಜಿದಾಗಲೂ ವಿಳಾಸದ ಅಕ್ಷರಗಳು ಸವೆಯುತ್ತವೆ.